ಸಬೋಹತಳ ಕೈ, ಮಸ್ತೂರಾಳ ಡಬ್ಬಿ

ಸಬೋಹತಳ ಮೇಳ ಹಾಡಿ ಹೋದ ಮನೆಗಳಲ್ಲಿ ಜನ ಅವಳ ಗಂಟಲನ್ನು ವರ್ಷಗಟ್ಟಲೆ ನೆನೆಯುತ್ತಿದ್ದರು. ಇಕ್ಬೋಲ್ ಒಳಬದಿಗೆ ಬಳೆ ಪೋಣಿಸಿದ ತಮ್ಮಟೆಯನ್ನು, ಅಂದರೆ ದೋಯ್ರಾವನ್ನು, ಬಾರಿಸುವಾಗ ಬೆರಳುಗಳು ಕಣ್ಣಿಗೇ ಸಿಗುತ್ತಿರಲಿಲ್ಲ ಎನ್ನುತ್ತಿದ್ದರು. ಝರ್ನಿಗೋರ್ ಕುಣಿದದ್ದನ್ನು ಅತ್ತೆಯಂದಿರು ಸೊಸೆಯಂದಿರಿಗೆ ಮಾಡಿ ತೋರಿಸಲು ಹೋಗಿ ಸೊಂಟ ಹಿಡಿಸಿಕೊಳ್ಳುತ್ತಿದ್ದರು. ಮೇಳದಲ್ಲಿ ನಾಲ್ಕನೆಯವಳೂ ಒಬ್ಬಳಿದ್ದಳಲ್ಲ ಎಂದರೆ ಮಾತ್ರ ಯಾರಿಗೂ ಹೆಸರು ಬಾಯಿಗೆ ಬರುತ್ತಿರಲಿಲ್ಲ. "ಒಲೆ ಹತ್ರ ಕೂತಿದ್ಳಲ್ಲ, ಅವಳಾ?" ಎನ್ನುತ್ತಿದ್ದರು.

ಅವಳೇ ಮಸ್ತೂರಾ. ದೋಯ್ರಾದ ಚರ್ಮ ತಣ್ಣಗಾದರೆ ಸದ್ದು ಮಂಕಾಗುತ್ತದೆ. ಅದನ್ನು ಒಲೆಯ ಕಾವಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬೆರಳಲ್ಲಿ ತಟ್ಟಿ ನೋಡಿ, ಹದಕ್ಕೆ ಬಂದದ್ದನ್ನು ಒಳಗೆ ಕೊಟ್ಟು, ತಣ್ಣಗಾದದ್ದನ್ನು ಮತ್ತೆ ಒಲೆಗೆ ತರುವುದು ಅವಳ ಕೆಲಸ. ಬಿಡುವು ಸಿಕ್ಕಾಗ ಮೂಲೆಯಲ್ಲಿ ಕೂತು ಎರಡನೆಯ ದೋಯ್ರಾ ಬಾರಿಸುತ್ತಿದ್ದಳು, ಅದೂ ಇಕ್ಬೋಲಳ ಪೆಟ್ಟಿನ ನೆರಳಿನಲ್ಲಿ, ಮೆಲ್ಲಗೆ.

ಅವಳೇನೂ ಮೇಳದ ಮನೆತನದವಳಲ್ಲ. ಹರೆಯದಲ್ಲಿ ಬುಖಾರಾದ ಜರಿ ಕಸೂತಿಯ ಕಾರ್ಖಾನೆಗೆ ಸೇರಿದವಳು, ವರರು ತೊಡುವ ಮಖಮಲ್ಲಿನ ನಿಲುವಂಗಿಗಳ ಮೇಲೆ ಚಿನ್ನದ ಎಳೆ ಹೊಲಿಯುತ್ತ ಅರ್ಧ ಆಯುಸ್ಸು ಕಳೆದಳು. ಹೊಲಿಯುವಾಗ ಮರದ ಚೌಕಟ್ಟಿನ ಅಂಚಿಗೆ ಎಡಗೈ ಬೆರಳು ತಟ್ಟುವ ಚಾಳಿ ಆಗಲೇ ಅಂಟಿತ್ತು. ಪಕ್ಕದವರು "ಇವಳ ದೆಸೆಯಿಂದ ಹೊಲಿಗೆಯೂ ಕುಣಿಯುತ್ತೆ" ಎಂದು ಗೊಣಗುತ್ತಿದ್ದರು. ಕಾರ್ಖಾನೆ ಮುಚ್ಚಿದ ವರ್ಷ ಗಂಡ ಉಬಾಯ್ ಒಂದು ಹಳೆಯ ಸಣ್ಣ ವ್ಯಾನು ಕೊಂಡು ಬಾಡಿಗೆಗೆ ಓಡಿಸತೊಡಗಿದ. ಸಬೋಹತಳ ಮೇಳವನ್ನು ಮದುವೆಗಳಿಗೆ ಕರೆದೊಯ್ಯುವ ಬಾಡಿಗೆ ಅವನಿಗೇ ಸಿಕ್ಕಿತು. ಚಾಲಕನ ಹೆಂಡತಿ ಮೊದಲು ಸುಮ್ಮನೆ ಜೊತೆಗೆ ಹೋದಳು, ಆಮೇಲೆ ಒಲೆಯ ಹತ್ತಿರ ಕೂತಳು, ಹಾಗೆಯೇ ಮೇಳದವಳಾದಳು.

ಒಮ್ಮೆ ಊರಿನ ದೊಡ್ಡ ಮದುವೆ ಸಭಾಂಗಣವೊಂದರ ಅಡುಗೆಮನೆಯಲ್ಲಿ ಅವಳು ದೋಯ್ರಾ ಕಾಯಿಸುತ್ತ ನಿಂತಿದ್ದಾಗ ಒಳಗಿಂದ ದೋಯ್ರಾದ ಸದ್ದು ಕೇಳಿಸಿತು. ಮೇಳದ ದೋಯ್ರಾಗಳೆಲ್ಲ ಅವಳ ಕೈಯಲ್ಲೇ ಇದ್ದವು. ಯಾರಪ್ಪಾ ಇದು ಎಂದು ಹೋಗಿ ನೋಡಿದರೆ, ಸಭಾಂಗಣದ ಕೀಬೋರ್ಡ್ ವಾದಕ ಅಸ್ಲಿದ್ದೀನ್ ಒಂದು ಕೈಯಲ್ಲಿ ಸಮೋಸ ಹಿಡಿದು ಮೆಲ್ಲುತ್ತ, ಇನ್ನೊಂದು ಕೈಯ ಎರಡು ಬೆರಳಲ್ಲಿ ಒಂದು ಕಪ್ಪು ಡಬ್ಬಿಯನ್ನು ಕುಟ್ಟುತ್ತಿದ್ದ.

"ದೋಯ್ರಾ ಎಲ್ಲಿದೆಯೋ?"

"ಇದರೊಳಗಿದೆ ಅಕ್ಕಾ."

"ಅದು ಹೇಗೆ ಹಿಡಿಸ್ತೋ ಇಷ್ಟ್ರಲ್ಲಿ?"

ಅಸ್ಲಿದ್ದೀನ್ ಎಣ್ಣೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ತೋರಿಸಿದ. ಡಬ್ಬಿಯ ಮೈಮೇಲೆ ರಬ್ಬರಿನ ಚೌಕಗಳು, ಬೆಂಕಿಪೊಟ್ಟಣದಷ್ಟು ಸಣ್ಣ ಪರದೆ, ತಿರುಗಿಸುವ ಗುಂಡಿ. ನಿಜವಾದ ದೋಯ್ರಾವನ್ನು ಒಮ್ಮೆ ಬಾರಿಸಿ ಆ ಸದ್ದಿನ ತುಣುಕನ್ನು ಇದರೊಳಗೆ ಇಟ್ಟರಾಯಿತು, ಆಮೇಲೆ ಚೌಕ ಒತ್ತಿದಾಗಲೆಲ್ಲ ಅದೇ ಸದ್ದು. ಆ ತುಣುಕಿಗೆ ಸ್ಯಾಂಪಲ್ ಎನ್ನುತ್ತಾರೆ. ದೋಯ್ರಾನೇ ಆಗಬೇಕೆಂದಿಲ್ಲ, ಏನು ಬೇಕಾದರೂ ಇಡಬಹುದು ಎನ್ನುತ್ತ ಅವನು ಇನ್ನೊಂದು ಚೌಕ ಒತ್ತಿದ. ಹುಂಜ ಕೂಗಿತು. ಮಸ್ತೂರಾ ಬೆಚ್ಚಿ ಹಿಂದೆ ಸರಿದು, ಆಮೇಲೆ ತಾನೇ ಬಗ್ಗಿ ಮತ್ತೊಮ್ಮೆ ಒತ್ತಿದಳು.

ಆಮೇಲೆ ಬಂದ ವಸಂತದಲ್ಲಿ ಇಕ್ಬೋಲ್ ಮಗಳ ಬಾಣಂತನಕ್ಕೆಂದು ಪೀಟರ್ಸ್‌ಬರ್ಗಿಗೆ ಹೋದವಳು ಅಲ್ಲೇ ನಿಂತಳು. ಮೇಳದ ಬಲಗೈ ಮುರಿದಂತಾಯಿತು. ಸಬೋಹತ್ ಹಾಡುತ್ತ ತಾನೇ ಬಾರಿಸಲು ನೋಡಿದಳು. ಉಸಿರು ಸಾಲಲಿಲ್ಲ. ಮಸ್ತೂರಾಳ ಪೆಟ್ಟು ದೊಡ್ಡ ಸಭಾಂಗಣಗಳಲ್ಲಿ ಮೊದಲ ಸಾಲು ದಾಟುತ್ತಿರಲಿಲ್ಲ. ಅದೇ ಹೊತ್ತಿಗೆ ಅಸ್ಲಿದ್ದೀನ್ ಕಂಪ್ಯೂಟರು ಕೊಂಡ, ಡಬ್ಬಿ ಮೂಲೆ ಸೇರಿತು. ಸುದ್ದಿ ಕಿವಿಗೆ ಬಿದ್ದದ್ದೇ ಮಸ್ತೂರಾ ಅವನ ಮನೆಗೆ ಹೋಗಿ, "ಆ ಡಬ್ಬಿ ನಂಗೆ ಕೊಡು. ನಿನ್ನ ಮಗನ ಸುನ್ನತಿಗೆ ಜರಿ ನಿಲುವಂಗಿ, ಟೋಪಿ ನಾನು ಹೊಲಿದು ಕೊಡ್ತೀನಿ," ಎಂದಳು. ಗಂಡನನ್ನೂ ಕೇಳದೆ, ಸಬೋಹತಳನ್ನೂ ಕೇಳದೆ ಅವಳು ಜೀವನದಲ್ಲಿ ಮಾಡಿದ ಮೊದಲ ವ್ಯಾಪಾರ ಅದು.

ಡಬ್ಬಿ ಮನೆಗೆ ಬಂತು. ಉಬಾಯ್ ಅದನ್ನು ಸುತ್ತಲೂ ನೋಡಿ, "ಇದಕ್ಕೂ ಒಲೆ ಕಾವು ಬೇಕಾ?" ಎಂದು ಕೇಳಿದ.

"ನಿಮ್ಮ ನಾಲಿಗೆಗೆ ಬೇಕು, ಬಿಸಿ ಬಿಸಿ," ಎಂದಳು ಮಸ್ತೂರಾ.

ಹೇಗೆ ಬಳಸಬೇಕೆಂದು ಹೇಳುವ ಪುಸ್ತಕ ಅದರ ಜೊತೆ ಇರಲಿಲ್ಲ. ಗುಂಡಿ ತಿರುಗಿಸಿ, ಒತ್ತಿ, ಏನಾಯಿತೆಂದು ಕಿವಿಗೊಟ್ಟು, ಹಾಗೇ ಕಲಿತಳು. ಡಬ್ಬಿಯ ತುಂಬ ಅಸ್ಲಿದ್ದೀನ್ ಗುಡ್ಡೆ ಹಾಕಿದ ಸದ್ದುಗಳೇ: ಬಾಂಬು, ಗಾಜು ಒಡೆಯುವುದು, ಕುದುರೆಯ ಕೆನೆತ, ಯಾರೋ ಗಂಡಸು "ಹೋಪ್!" ಎಂದು ಅರಚುವುದು, ರೈಲು ಬರುತ್ತದೆಂದು ಸಾರುವ ಹೆಂಗಸು. ಅವಳು ಹೆಡ್‌ಫೋನ್ ಹಾಕಿಕೊಂಡು ಬೀನ್ಸ್ ಸೋಸುತ್ತ ಒಂದೊಂದನ್ನೂ ಕೇಳಿದಳು. ನಡುನಡುವೆ ತನ್ನಷ್ಟಕ್ಕೆ ತಾನು ಕಿಸಕ್ಕೆಂದು ನಗುತ್ತಿದ್ದುದನ್ನು ನೋಡಿ ಪಕ್ಕದ ಮನೆಯವಳು ಉಬಾಯ್‌ಗೆ, "ನಿಮ್ಮವಳಿಗೆ ಯಾರ ಹತ್ರಾನಾದ್ರೂ ಮಂತ್ರ ಹಾಕಿಸ್ಕೊಂಡು ಬನ್ನಿ," ಎಂದು ಹೇಳಿ ಹೋದಳು.

ತಾನೇ ಮೊದಲು ಹಿಡಿದ ಸದ್ದು ಚಹಾ ಬಟ್ಟಲಿನದು. ಚಮಚದಿಂದ ತಟ್ಟಿ, ಮೈಕು ಹಿಡಿದು, ಗುಂಡಿ ಒತ್ತಿದಳು. ಚೌಕ ತಟ್ಟಿದರೆ ಮೊದಲು ಅವಳದೇ ಉಸಿರು, ಆಮೇಲೆ ತಲೆವಸ್ತ್ರದ ಸರಸರ, ತುಂಬ ಹೊತ್ತಾದ ಮೇಲೆ ಬಟ್ಟಲಿನ ಟಿಣ್. ಮುಂದಿನದನ್ನೂ ಹಿಂದಿನದನ್ನೂ ಕತ್ತರಿಸಬೇಕು ಎಂದು ಆಗ ತಿಳಿಯಿತು. ಪರದೆಯ ಮೇಲೆ ಸದ್ದು ಒಂದು ಗುಡ್ಡದ ಹಾಗೆ ಕಾಣುತ್ತಿತ್ತು. ಗುಂಡಿ ತಿರುಗಿಸುತ್ತ ಆ ಗುಡ್ಡದ ಬುಡದವರೆಗೆ ಬಂದು ನಿಲ್ಲಿಸಬೇಕು. ಎಳೆಯ ತುದಿ ಕತ್ತರಿಸಿ ಅಭ್ಯಾಸವಿದ್ದ ಕೈಗೆ ಅದು ಬೇಗ ಒಗ್ಗಿತು. ತಾನು ಬಾರಿಸಿದ ದೋಯ್ರಾದ ನಾಲ್ಕಾರು ಪೆಟ್ಟುಗಳನ್ನು ಹಿಡಿದು ಚೌಕಗಳಿಗೆ ಹಂಚಿದಳು. ಮೆಲ್ಲಗೆ ಬಾರಿಸಿದ ಪೆಟ್ಟು ಧ್ವನಿವರ್ಧಕದಲ್ಲಿ ಗೋಡೆ ನಡುಗಿಸುವಂತೆ ಬಂದಾಗ ಅವಳಿಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

ಸಬೋಹತ್ ಬಂದು ಕೇಳಿ ತುಟಿ ಕೊಂಕಿಸಿದಳು. "ತಗಡಿನ ಮೇಲೆ ಮಳೆ ಬಿದ್ದ ಹಾಗಿದೆ. ಆದ್ರೂ ಏನೂ ಇಲ್ಲದ್ದಕ್ಕಿಂತ ವಾಸಿ. ಗಿಜ್ದುವಾನಿನ ಮದುವೆಗೆ ತಗೊಂಡು ಬಾ."

ಗಿಜ್ದುವಾನಿನಲ್ಲಿ ಹೊಸ ಸೊಸೆಯ ಮುಖ ತೋರಿಸುವ ದಿನ. ಅದರ ಹಿಂದಿನ ದಿನ ಮಸ್ತೂರಾಗೆ ದೋಯ್ರಾದ ಒಳಬಳೆಗಳ ಝಲ್ ಸದ್ದನ್ನೂ ಸೇರಿಸಬೇಕೆನ್ನಿಸಿತು. ಹಿಡಿಯಹೋದರೆ ಜಾಗವಿಲ್ಲ ಎಂದಿತು ಪರದೆ. ಬಾಂಬನ್ನೂ ಒಡೆಯುವ ಗಾಜನ್ನೂ ಅಳಿಸಿ ಹಾಕಿ ಬಳೆಯ ಸದ್ದು ತುಂಬಿದಳು. ಆ ಚೌಕ ಒಂದನ್ನೇ ಒತ್ತಿ ನೋಡಿ, ಚೆನ್ನಾಗಿದೆ ಎಂದು ಮುಚ್ಚಿಟ್ಟಳು.

ಮರುದಿನ ಅಂಗಳದ ತುಂಬ ಹೆಂಗಸರು. ಸೊಸೆ ಮುಸುಕು ಹೊದ್ದು ಹೊಸ್ತಿಲ ಮೇಲೆ ನಿಂತಿದ್ದಾಳೆ, ಹೂವಿನ ಕೊಂಬೆ ಹಿಡಿದು ಮುಸುಕು ಎತ್ತಲು ಒಂದು ಮಗು ತಯಾರಾಗಿದೆ. ಸಬೋಹತ್ ದನಿ ಎತ್ತಿ, ಒಂದು ಸಾಲು ಹಾಡಿ, ಪೆಟ್ಟಿಗಾಗಿ ಮಸ್ತೂರಾಳ ಕಡೆ ತಲೆ ಆಡಿಸಿದಳು. ಮಸ್ತೂರಾ ಒತ್ತಿದಳು. ಹುಂಜ ಕೂಗಿತು. ಗಾಬರಿಯಿಂದ ಪಕ್ಕದ್ದನ್ನು ಒತ್ತಿದಳು. ಕುದುರೆ ಕೆನೆಯಿತು. ಅದರ ಪಕ್ಕದ್ದು "ಹೋಪ್!" ಎಂದಿತು.

ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಮುಸುಕಿನೊಳಗೆ ಸೊಸೆಯ ಭುಜಗಳೂ ಕುಲುಕತೊಡಗಿದವು. ಅತ್ತೆ ಮಾತ್ರ ನಗಲಿಲ್ಲ. "ನಡು ಮಧ್ಯಾಹ್ನ ಹುಂಜ ಕೂಗಿಸಿ ನನ್ನ ಸೊಸೇನ ಮನೆ ತುಂಬಿಸ್ಕೊಳ್ಳಬೇಕಾ ನಾನು? ನೀವು ಹಾಡೋಕೆ ಬಂದ್ರೋ, ಕೋಳಿ ಮಾರೋಕೆ ಬಂದ್ರೋ?" ಎಂದಳು. ಝರ್ನಿಗೋರ್ ಓಡಿ ಬಂದು ಒಂದು ತಾಮ್ರದ ತಟ್ಟೆ ಕಸಿದುಕೊಂಡು ಬಾರಿಸಿದಳು. ಅದರ ಮೇಲೇ ಸಬೋಹತ್ ಹೇಗೋ ಹಾಡು ಮುಗಿಸಿದಳು.

ವಾಪಸು ಬಂದು ವ್ಯಾನಿನಿಂದ ಇಳಿಯುವಾಗ ಸಬೋಹತ್, "ನಮ್ಮಜ್ಜಿ ಕಾಲದಿಂದ ಈ ಮೇಳಕ್ಕೆ ಹೀಗೆ ಆಗಿರ್ಲಿಲ್ಲ. ಆ ಡಬ್ಬಿ ಇನ್ನು ನನ್ನ ಕಣ್ಣಿಗೆ ಬೀಳ್ಬಾರ್ದು. ಅದನ್ನ ಬಿಟ್ಟು ಬರೋದಾದ್ರೆ ನೀನು ಬಾ," ಎಂದಳು.

ಮಸ್ತೂರಾ ಆ ರಾತ್ರಿ ಉಣ್ಣಲಿಲ್ಲ. ಉಬಾಯ್ ಬಂದು ಹತ್ತಿರ ಕೂತು, ತಮಾಷೆ ಮಾಡಲು ಬಾಯಿ ತೆರೆದವನು ಅವಳ ಮುಖ ನೋಡಿ ಚಹಾ ಬಗ್ಗಿಸಿ ಮುಂದಿಟ್ಟ. ಆಮೇಲೆ, "ಯಾಕೆ ಹಾಗಾಯ್ತು ಅನ್ನೋದಾದ್ರೂ ಗೊತ್ತಾಗ್ಬೇಕಲ್ಲ. ನನ್ನ ವ್ಯಾನು ಕೆಟ್ಟು ನಿಂತ್ರೆ ನಾನು ಅಳ್ತಾ ಕೂರ್ತೀನಾ, ಬಾನೆಟ್ ಎತ್ತಲ್ವಾ? ನಾಳೆ ಅಸ್ಲಿದ್ದೀನ್ ಹತ್ರ ಹೋಗೋಣ," ಎಂದ.

ಅಸ್ಲಿದ್ದೀನ್ ಕಥೆ ಕೇಳಿ ಗೋಡೆ ಹಿಡಿದುಕೊಂಡು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು ವಿವರಿಸಿದ. "ಅಕ್ಕಾ, ಚೌಕಕ್ಕೆ ಸದ್ದು ಗೊತ್ತಿಲ್ಲ, ನಂಬರು ಮಾತ್ರ ಗೊತ್ತು. ನೀವು ಸಾಲಿನ ನಡುವಿಂದ ಎರಡನ್ನ ಅಳಿಸಿದ್ರಿ. ಹಿಂದಿರೋವೆಲ್ಲ ಬ್ರೆಡ್ಡಿನ ಕ್ಯೂನಲ್ಲಿ ಸರಿದ ಹಾಗೆ ಮುಂದಕ್ಕೆ ಸರಿದ್ವು. ದೋಯ್ರಾ ನಿಂತಿದ್ದ ಜಾಗಕ್ಕೆ ಹುಂಜ ಬಂದು ನಿಂತ್ಕೊಳ್ತು."

"ಹಾಗಾದ್ರೆ ಬೇಡದ್ದನ್ನ ತೆಗೆಯೋದೇ ಬೇಡ್ವಾ?"

"ತೆಗೀರಿ. ಆದ್ರೆ ಜಾಗ ಖಾಲಿ ಬಿಡ್ಬೇಡಿ. ಏನೂ ಬಾರಿಸದೆ ಒಂದು ಚಿಟಿಕೆ ಹೊತ್ತು ಸುಮ್ಮನಿರೋದನ್ನ ಹಿಡೀರಿ. ಆ ಮೌನವನ್ನ ಅಲ್ಲಿ ಕೂರಿಸಿ. ಕ್ಯೂ ಅಲುಗಾಡಲ್ಲ. ಇನ್ನೊಂದು ಮಾತು, ಏನು ಬದಲಾಯಿಸೋಕೆ ಮುಂಚೆಯೂ ಎಲ್ಲದರ ಒಂದು ಪ್ರತಿಯನ್ನ ಮೆಮೊರಿ ಕಾರ್ಡಿಗೆ ಹಾಕಿ ಎತ್ತಿಡಿ."

"ಇದನ್ನ ಮೊದಲೇ ಹೇಳೋಕೇನಾಗಿತ್ತೋ ನಿಂಗೆ, ಮುಂಡೇದೇ?"

"ನಂಗೂ ಒಂದು ಮದುವೆಯಲ್ಲಿ ಮರ್ಯಾದೆ ಹೋದ ಮೇಲೇ ಗೊತ್ತಾಗಿದ್ದು ಅಕ್ಕಾ. ಮಾವನ ಭಾಷಣದ ನಡುವೆ ರೈಲು ಬಂತು."

ಚಳಿಗಾಲ ಪೂರ್ತಿ ಮಸ್ತೂರಾ ಒಲೆಯ ಹತ್ತಿರದ ಕೆಲಸಕ್ಕೆ ಹೋಗುತ್ತಿದ್ದಳು, ಡಬ್ಬಿಯನ್ನು ಮನೆಯಲ್ಲೇ ಬಿಟ್ಟು. ಮನೆಗೆ ಬಂದರೆ ಅದರ ಮುಂದೆ ಕೂರುತ್ತಿದ್ದಳು. ಅಸ್ಲಿದ್ದೀನನ ಗುಡ್ಡೆಯ ಬಹುಪಾಲನ್ನು ಒಂದೊಂದಾಗಿ ಮೌನದಿಂದ ಬದಲಿಸಿದಳು. ಹೆಸರಿಡಲು ಪರದೆ ಕೆಲವೇ ಅಕ್ಷರ ಕೊಡುತ್ತಿತ್ತು. ಅವನು ಬುಮ್, ಬುಮ್ ಎಂದೇ ಎಲ್ಲಕ್ಕೂ ಹೆಸರಿಟ್ಟಿದ್ದ. ಅವಳು ಚರ್ಮದ ನಡುವಿನ ಪೆಟ್ಟಿಗೆ ಹೊಟ್ಟೆ, ಅಂಚಿನ ಪೆಟ್ಟಿಗೆ ತುಟಿ, ಬಳೆಯ ಝಲ್ಲಿಗೆ ಗೆಜ್ಜೆ ಎಂದು ಹೆಸರಿಟ್ಟಳು. ಹೊಟ್ಟೆಗಳೆಲ್ಲ ಒಂದು ಕಡೆ, ತುಟಿಗಳೆಲ್ಲ ಒಂದು ಕಡೆ. ಏನು ಮಾಡಿದರೂ ಕೊನೆಗೆ ಎಲ್ಲ ಚೌಕಗಳನ್ನೂ ಒಮ್ಮೆ ಒತ್ತಿ ಕೇಳದೆ ಏಳುತ್ತಿರಲಿಲ್ಲ. ಉಬಾಯ್ ತಾಮ್ರ ಬಡಿಯುವವರ ಅಂಗಡಿಯ ಸುತ್ತಿಗೆಯಿಂದ ಹಿಡಿದು ರೊಟ್ಟಿಯ ಮರದ ಅಚ್ಚಿನವರೆಗೆ ಸದ್ದು ಮಾಡುವುದನ್ನೆಲ್ಲ ಹೊತ್ತು ತರುತ್ತಿದ್ದ. "ಇದನ್ನ ಕೇಳು, ಇದನ್ನ ಕೇಳು" ಎಂದು ಅವಳ ಕಿವಿಯ ಬಳಿ ತಟ್ಟುತ್ತಿದ್ದ. ಮಕ್ಕಳೆಲ್ಲ ದೂರದೂರಿಗೆ ಹೋದ ಮೇಲೆ ಗಂಡ ಹೆಂಡತಿ ಅಷ್ಟು ಮಾತಾಡಿಕೊಂಡ ಚಳಿಗಾಲ ಇನ್ನೊಂದಿರಲಿಲ್ಲ.

ಏಪ್ರಿಕಾಟ್ ಹೂ ಉದುರುವ ಹೊತ್ತಿಗೆ ಒಂದು ಬೆಳಿಗ್ಗೆ ಸಬೋಹತ್ ಬಂದಳು, ಕಂಕುಳಲ್ಲಿ ಬಟ್ಟೆ ಸುತ್ತಿದ ದೋಯ್ರಾ. ಮಸ್ತೂರಾ ಕೊಟ್ಟ ಚಹಾ ಕುಡಿದಳು, ರೊಟ್ಟಿ ಮುರಿದಳು, ಊರಿನ ಸುದ್ದಿಯೆಲ್ಲ ಹೇಳಿದಳು. ಕೊನೆಗೆ ಬಟ್ಟಲಿನ ತಳವನ್ನೇ ನೋಡುತ್ತ ಅಂದಳು: "ಮೊನ್ನೆ ಹಾಡ್ತಾ ಹಾಡ್ತಾ ತಲೆ ತಿರುಗಿ ಕೂತ್ಬಿಟ್ಟೆ ಕಣೇ. ಹಾಡೋದಾದ್ರೆ ಬಾರಿಸೋಕಾಗಲ್ಲ, ಬಾರಿಸೋದಾದ್ರೆ ಹಾಡೋಕಾಗಲ್ಲ. ಆ ಡಬ್ಬೀಲಿ ನನ್ನ ಕೈ ಇಡೋಕಾಗುತ್ತಾ?"

"ಆಗುತ್ತೆ ಅಕ್ಕಾ."

"ಹುಂಜ?"

"ತೆಗೆದು ಹಾಕಿದೀನಿ."

"ಸರಿ. ಚರ್ಮ ಕಾಯಿಸು ಮತ್ತೆ."

ಸದ್ದು ಹಿಡಿಯಲು ಮಸ್ತೂರಾ ಆರಿಸಿದ್ದು ಹಾಸಿಗೆ ಕೋಣೆ. ಅಲ್ಲಿ ಮಗಳ ಮದುವೆಗೆ ಹೊಲಿಸಿ ಉಳಿದ ಹತ್ತಿಯ ರಜಾಯಿಗಳು ಸೂರಿನವರೆಗೆ ಜೋಡಿಸಿದ್ದವು. ಗೋಡೆಗಳು ಸದ್ದನ್ನು ಮರಳಿಸುತ್ತಿರಲಿಲ್ಲ. ಸಬೋಹತ್ ರಜಾಯಿಗಳ ನಡುವೆ ಮಂಡಿಯೂರಿ ಕೂತು ಬಾರಿಸಿದಳು. ಮಧ್ಯೆ ಉಬಾಯ್ ವ್ಯಾನಿನ ಹಾರನ್ ಹೊಡೆದ. ಇಬ್ಬರು ಹೆಂಗಸರೂ ಒಟ್ಟಿಗೆ ಕಿಟಕಿಯಿಂದ ಬೈದರು. ಅವನು ವ್ಯಾನನ್ನು ತಳ್ಳಿಕೊಂಡೇ ಬೀದಿಯ ಕೊನೆಗೆ ಹೋದ.

ಮಸ್ತೂರಾ ಪೆಟ್ಟುಗಳನ್ನು ಒಪ್ಪವಾಗಿ ಕತ್ತರಿಸಿ, ಚೌಕಗಳಿಗೆ ಹಂಚಿ, ಕಾರ್ಡಿಗೆ ಪ್ರತಿ ಹಾಕಿ, ಬಾರಿಸಿ ತೋರಿಸಿದಳು. ಸಬೋಹತ್ ಕಣ್ಣು ಮುಚ್ಚಿ ಕೇಳಿದಳು. ತಲೆ ಅಲ್ಲಾಡಿಸಿದಳು.

"ಇದು ನನ್ನ ಕೈ ಅಲ್ಲ."

"ನಿಮ್ಮದೇ ಅಕ್ಕಾ! ಈಗ ತಾನೇ ಬಾರಿಸಿದ್ದು."

"ನನ್ನ ಕೈ ನಂಗೆ ಗೊತ್ತಿಲ್ವೇನೇ? ಕೊಡು ಇಲ್ಲಿ." ಅವಳು ದೋಯ್ರಾ ಎತ್ತಿಕೊಂಡು, ಪೆಟ್ಟಿಗೆ ಮುಂಚೆ ಮಣಿಕಟ್ಟನ್ನು ಸ್ವಲ್ಪವೇ ತಿರುಗಿಸಿದಳು. ಒಳಗಿನ ಬಳೆಗಳು ಸಣ್ಣಗೆ ಸರಿದವು, ಆಮೇಲೆ ಪೆಟ್ಟು ಬಿತ್ತು. "ಕೇಳ್ತಾ? ಹೊಡೆಯೋಕೆ ಮುಂಚೆ ಇದು ಉಸಿರು ಎಳ್ಕೊಳ್ಳುತ್ತೆ. ನೀನು ಆ ಉಸಿರನ್ನೇ ಕತ್ತರಿಸಿ ಬಿಸಾಕಿದೀಯ."

ಮಸ್ತೂರಾ ಪರದೆಯಲ್ಲಿ ಗುಡ್ಡದ ಬುಡಕ್ಕಿಂತ ಹಿಂದೆ ಹೋಗಿ ನೋಡಿದಳು. ಅಲ್ಲಿ ಸಣ್ಣ ಹುಲ್ಲಿನಂಥದ್ದೊಂದು ಗೆರೆ ಇತ್ತು. ಕಸವೆಂದು ತಿಳಿದಿದ್ದಳು. ಅದನ್ನು ಉಳಿಸಿ ಮತ್ತೆ ಕತ್ತರಿಸಿದಳು. ಈಗ ದನಿ ಸಬೋಹತಳದೇ ಆಯಿತು, ಆದರೆ ಚೌಕ ಒತ್ತಿದರೆ ಪೆಟ್ಟು ತಡವಾಗಿ ಬೀಳುತ್ತಿತ್ತು. ಹಾಡು ಮುಂದೆ, ತಾಳ ಹಿಂದೆ. ಚಹಾ ಆರಿತು. ಸಬೋಹತ್ "ಬಿಡೇ, ಆಗದ ಕೆಲಸ" ಎಂದು ದೋಯ್ರಾಗೆ ಬಟ್ಟೆ ಸುತ್ತತೊಡಗಿದಳು.

"ತಾಳಿ," ಎಂದಳು ಮಸ್ತೂರಾ. ಅಷ್ಟು ಗಟ್ಟಿಯಾಗಿ ಅವಳು ಸಬೋಹತಳಿಗೆ ಎಂದೂ ಹೇಳಿರಲಿಲ್ಲ.

ಅವಳು ಒಂದು ಸದ್ದನ್ನು ಎರಡು ಮಾಡಿದಳು. ಉಸಿರನ್ನು ಬೇರೆಯಾಗಿ ಕತ್ತರಿಸಿ ಎಡಗಡೆಯ ಚೌಕಕ್ಕೆ, ಪೆಟ್ಟನ್ನು ಬಲಗಡೆಯ ಚೌಕಕ್ಕೆ ಕೂರಿಸಿದಳು. ಎಡಗೈ ಬೆರಳು ಮೊದಲು, ಅದರ ಹಿಂದೆಯೇ ಬಲಗೈ. ಕಸೂತಿಯಲ್ಲಿ ಎಡಗೈ ಕೆಳಗಿಂದ ಎಳೆ ಹಿಡಿದರೆ ಬಲಗೈ ಮೇಲಿಂದ ಸೂಜಿ ಇಳಿಸುತ್ತದೆ, ಹಾಗೆ. ಮೊದಲು ಎಡವಿದಳು. ಮತ್ತೆ ಬಾರಿಸಿದಳು. ಕೋಣೆಯಲ್ಲಿ ಸಬೋಹತಳ ದೋಯ್ರಾ ಉಸಿರೆಳೆದು ನುಡಿಯಿತು.

ಸಬೋಹತ್ ತೊಡೆಯ ಮೇಲೆ ತಾಳ ತಟ್ಟುತ್ತ ಕೇಳಿದಳು. ಆಮೇಲೆ, "ಎಡಗೈ ಸ್ವಲ್ಪ ಆತುರ ಮಾಡ್ತಿದೆ. ತಡೆದು ಬಾರಿಸು," ಎಂದಳು.

ಇಷ್ಟು ವರ್ಷಗಳಲ್ಲಿ ಸಬೋಹತ್ ಇಕ್ಬೋಲಳ ಕೈಯನ್ನು ಎಷ್ಟೋ ಸಲ ತಿದ್ದಿದ್ದಳು. ಮಸ್ತೂರಾಳ ಕೈಯನ್ನು ತಿದ್ದಿದ್ದು ಇದೇ ಮೊದಲು. ಮಸ್ತೂರಾಳ ಕಿವಿ ಬಿಸಿಯಾಯಿತು. ತಡೆದು ಬಾರಿಸಿದಳು.

ಬೇಸಿಗೆಯ ಕೊನೆಯಲ್ಲಿ ವಾಬ್‌ಕೆಂಟಿನ ಮದುವೆಯೊಂದಕ್ಕೆ ಮೇಳ ಹೋಯಿತು. ಉದ್ದನೆಯ ಸಭಾಂಗಣ, ಆ ತುದಿಯಲ್ಲಿ ಕೂತವರ ಮುಖ ಈ ತುದಿಗೆ ಕಾಣದು. ಸಬೋಹತ್ ಬರಿಗೈಯಲ್ಲಿ ನಿಂತು ಹಾಡಿದಳು. ದೋಯ್ರಾ ಇಲ್ಲದ ಕೈಗಳನ್ನು ಏನು ಮಾಡಬೇಕೆಂದು ಮೊದಲು ತೋಚದೆ ಸೊಂಟದ ಮೇಲಿಟ್ಟುಕೊಂಡಳು, ಎರಡನೆಯ ಹಾಡಿಗೆ ಅವು ತಾವೇ ಮೇಲೆದ್ದವು. ಆ ತುದಿಯ ಮುದುಕಿಯರೂ ಎದ್ದು ಕುಣಿಯಲು ಬಂದರು. ಝರ್ನಿಗೋರಳ ಕುಣಿತ ಬಿಸಿಯೇರಿದಾಗ ತಾಳ ಎಲ್ಲಿ ಬಿಗಿಯಾಗಬೇಕು, ಎಲ್ಲಿ ಸಡಿಲವಾಗಬೇಕು ಎಂಬುದನ್ನು ಮಸ್ತೂರಾ ಅವಳ ಹಿಮ್ಮಡಿ ನೋಡಿಯೇ ತಿಳಿಯುತ್ತಿದ್ದಳು. ಕೊನೆಯ ಹಾಡಿಗೆ ಮುಂಚೆ ಸಬೋಹತ್ ತಿರುಗಿ ನೋಡಿ ಕಾದಳು. ಮೊದಲ ಪೆಟ್ಟು ಮಸ್ತೂರಾಳದು, ಅದು ಬಿದ್ದ ಮೇಲೆ ಹಾಡು.

ಹೊರಡುವಾಗ ವರನ ಸೋದರತ್ತೆಯೊಬ್ಬಳು ಒಂದು ಗಂಟು ಹಲ್ವ ತಂದು ಸಬೋಹತಳ ಕೈಗಿಟ್ಟು, "ಬಾರಿಸಿದವರ ಹೆಸರೇನು?" ಎಂದು ಕೇಳಿದಳು.

"ನಮ್ಮ ಮಸ್ತೂರಾ," ಎಂದಳು ಸಬೋಹತ್. "ಕೈ ನಂದು, ಬಾರಿಸಿದ್ದು ಅವಳು. ಅದು ದೊಡ್ಡ ಕಥೆ, ಇನ್ನೊಂದು ಸಲ ಹೇಳ್ತೀನಿ."

ದಾರಿಯಲ್ಲಿ ಕಲ್ಲಂಗಡಿ, ಕರಬೂಜ ಗುಡ್ಡೆ ಹಾಕಿಕೊಂಡು ಕೂತವನ ಹತ್ತಿರ ಉಬಾಯ್ ವ್ಯಾನು ನಿಲ್ಲಿಸಿದ. ಒಂದೊಂದೇ ಕಲ್ಲಂಗಡಿಯನ್ನು ಅಂಗೈಯಲ್ಲಿ ತಟ್ಟಿ ಹಣ್ಣಾದದ್ದನ್ನು ಹುಡುಕತೊಡಗಿದ. ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ ಸಬೋಹತ್ ಥಟ್ಟನೆ ಎದ್ದು ಕೂತಳು.

"ಉಬಾಯ್, ಅದನ್ನ ಮತ್ತೊಂದ್ಸಲ ತಟ್ಟು. ಅದಲ್ಲ, ಆ ಪಟ್ಟೆ ಇರೋದು. ಮಸ್ತೂರಾ, ಕೇಳಿದ್ಯೇನೇ? ಎಂಥಾ ಹೊಟ್ಟೆ ಅದರದ್ದು! ಹಿಡ್ಕೊಳ್ಳೇ ಅದನ್ನ."

"ಜಾಗ ತುಂಬಿದೆ ಅಕ್ಕಾ."

"ಜಾಗ ಮಾಡೋದು ನಿನ್ನ ಕೆಲಸ. ನನ್ನ ಕೇಳ್ತೀಯಾ?"

ಮಸ್ತೂರಾ ಹೆಡ್‌ಫೋನ್ ಹಾಕಿಕೊಂಡು, ಮೊದಲು ಎಲ್ಲದರ ಪ್ರತಿಯನ್ನು ಕಾರ್ಡಿಗೆ ಕಳಿಸಿ, ಯಾವುದನ್ನು ಬಿಟ್ಟರೆ ನಡೆದೀತು ಎಂದು ಒಂದೊಂದೇ ಸದ್ದು ಕೇಳತೊಡಗಿದಳು. ರೈಲಿನ ಹೆಂಗಸು ಇನ್ನೂ ಅಲ್ಲೇ ಇದ್ದಳು. ಅವಳ ಜಾಗದಲ್ಲಿ ಒಂದು ಚಿಟಿಕೆ ಮೌನ ಕೂರಿಸಿ, ಕೆಳಗಿಳಿದು, ಮೈಕಿನ ತಂತಿ ಎಳೆದುಕೊಂಡು ಹಣ್ಣಿನ ಗುಡ್ಡೆಯ ಮುಂದೆ ಮಂಡಿಯೂರಿದಳು. ಹಣ್ಣಿನವನು ಬಾಯಿ ತೆರೆದು ನೋಡುತ್ತ ನಿಂತ.

"ಸ್ವಲ್ಪ ಸುಮ್ಮನಿರಪ್ಪಾ," ಎಂದಳು ಅವನಿಗೆ. ಆಮೇಲೆ ಗಂಡನ ಕಡೆ ತಲೆ ಆಡಿಸಿದಳು. ಉಬಾಯ್ ಕಲ್ಲಂಗಡಿಯನ್ನು ತಟ್ಟಿದ.